1200 ಇರಬೇಕಾದ ಕಡೆ 800: ಎಂ.ಎಸ್ಸಿ. ಕೌನ್ಸೆಲಿಂಗ್ ಟೇಬಲ್‌ನಲ್ಲಿ ತಪ್ಪಿದ ಒಂದು ಲೆಕ್ಕ

ಎಂ.ಎಸ್ಸಿ. ಪ್ರವೇಶದ ಅರ್ಜಿಯಲ್ಲಿ ‘ಐಚ್ಛಿಕ ವಿಷಯದಲ್ಲಿ ಪಡೆದ ಅಂಕ’ ಅಂತ ಒಂದು ಕಾಲಂ ಇರುತ್ತದೆ. ಅದರ ಪಕ್ಕದಲ್ಲಿ ‘ಎಷ್ಟಕ್ಕೆ’ ಅನ್ನೋ ಕಾಲಂ ಇದೆ. ನಮ್ಮ ಪೋರ್ಟಲ್‌ನಲ್ಲಿ ಈ ಎರಡನ್ನೂ ಅಭ್ಯರ್ಥಿಯೇ ತುಂಬಬೇಕು. ತುಂಬಿದ್ದನ್ನು ಭಾಗಿಸಿ ಶೇಕಡಾ ತೆಗೆದು ‘ಅರ್ಹ’ ಅಥವಾ ‘ಅನರ್ಹ’ ಅಂತ ಅದು ಹೇಳುತ್ತದೆ. ತುಂಬಿದ್ದೇ ಅರ್ಧ ಅಂಕಪಟ್ಟಿ ಆಗಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದದ್ದು ಟೇಬಲ್ ಮುಂದೆ ಕೂತ ನಮಗೆ. 2024ರ ರಸಾಯನಶಾಸ್ತ್ರ ಕೌನ್ಸೆಲಿಂಗ್ ದಿನ ನನಗೆ ಅದು ಗೊತ್ತಾಗಲಿಲ್ಲ.

ಆ ದಿನ ಬೆಳಿಗ್ಗೆ 11.40ಕ್ಕೆ ಶಹಾಪುರ ಕಡೆಯ ಒಬ್ಬ ಹುಡುಗ ಟೇಬಲ್‌ಗೆ ಬಂದ. ಮೀಸಲಾತಿ ಹಿಂದುಳಿದ ವರ್ಗಗಳ 2ಎ, ಕಲ್ಯಾಣ ಕರ್ನಾಟಕದ ಸ್ಥಳೀಯ ಅಂತ ತೋರಿಸುವ 371(ಜೆ) ಪ್ರಮಾಣಪತ್ರ ಸರಿಯಾಗಿತ್ತು. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ 42.50, ಅನರ್ಹ. ನಮ್ಮ ಅಧಿಸೂಚನೆಯಲ್ಲಿ ಐಚ್ಛಿಕ ವಿಷಯಕ್ಕೆ ಕನಿಷ್ಠ ಶೇ. 45 ಬೇಕು, ಎಸ್‌ಸಿ, ಎಸ್‌ಟಿ, ಪ್ರವರ್ಗ-1ಕ್ಕೆ ಮಾತ್ರ ಶೇ. 40. 2ಎಗೆ ಸೀಟಿನಲ್ಲಿ ಮೀಸಲಾತಿ ಇದೆ, ಕನಿಷ್ಠ ಅಂಕದಲ್ಲಿ ರಿಯಾಯಿತಿ ಇಲ್ಲ. ಈ ವ್ಯತ್ಯಾಸ ತಿಳಿಯದೆ ಪ್ರತಿ ವರ್ಷ ಬರುವವರು ಇರುತ್ತಾರೆ, ಇವನೂ ಹಾಗೇ ಅಂದುಕೊಂಡೆ.

‘ಸರ್, ಇದ್ರಾಗ ಪ್ರ್ಯಾಕ್ಟಿಕಲ್ ಕೂಡಿಸಿಲ್ರಿ’ ಅಂದ.

‘ಆಕ್ಷೇಪಣೆ ಹಾಕೋ ಟೈಮ್ ಮುಗದದಪಾ. ಪಟ್ಟಿ ಫೈನಲ್ ಆಗ್ಯದ’ ಅಂದೆ. ಅವನು ಅಂಕಪಟ್ಟಿಗಳನ್ನು ಮುಂದೆ ಹಿಡಿದೇ ಇದ್ದ. ಥಿಯರಿ ಸಾಲುಗಳನ್ನು ಕಣ್ಣಲ್ಲೇ ನೋಡಿದೆ. 340ರ ಆಸುಪಾಸು, 800ಕ್ಕೆ. ಪೋರ್ಟಲ್ ಹೇಳಿದ್ದು ಸರಿ ಅನ್ನಿಸಿತು. ಹಿಂದಿನ ಆರು ವರ್ಷ ನಾನಿದ್ದದ್ದು ಪರೀಕ್ಷಾ ವಿಭಾಗದಲ್ಲಿ. ಅಲ್ಲಿ ಥಿಯರಿ ಬೇರೆ, ಪ್ರ್ಯಾಕ್ಟಿಕಲ್ ಬೇರೆ. ಎರಡರಲ್ಲೂ ಪ್ರತ್ಯೇಕವಾಗಿ ಪಾಸಾಗಬೇಕು, ಒಂದರ ಅಂಕ ಇನ್ನೊಂದಕ್ಕೆ ಹೋಗುವುದಿಲ್ಲ. ಆ ಕಣ್ಣಿನಿಂದಲೇ ಪ್ರವೇಶದ ಟೇಬಲ್‌ನಲ್ಲೂ ನೋಡಿದೆ. ಹುಡುಗ ಅಂಕಪಟ್ಟಿ ಫೈಲಿಗೆ ಹಾಕಿಕೊಂಡು ಹೊರಗೆ ಹೋದ.

ಅರ್ಹತೆಯ ಲೆಕ್ಕ ಬೇರೆ. ಬಿ.ಎಸ್ಸಿ.ಯ ಆರೂ ಸೆಮಿಸ್ಟರ್‌ಗಳಲ್ಲಿ ಆ ವಿಷಯದ ಥಿಯರಿ, ಆಂತರಿಕ ಅಂಕ, ಪ್ರ್ಯಾಕ್ಟಿಕಲ್ ಎಲ್ಲವನ್ನೂ ಕೂಡಿಸಿ ಒಟ್ಟು ಗರಿಷ್ಠ ಅಂಕದಿಂದ ಭಾಗಿಸಬೇಕು. ಎರಡು ಮೇಜರ್ (ಮುಖ್ಯ ವಿಷಯ) ಇರುವ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ, ಅಂಕಪಟ್ಟಿಯಲ್ಲಿ ಒಂದು ವಿಷಯಕ್ಕೆ ಮೊದಲ ನಾಲ್ಕು ಸೆಮಿಸ್ಟರ್‌ಗೆ ತಲಾ ಒಂದು ಥಿಯರಿ 100, ಪ್ರ್ಯಾಕ್ಟಿಕಲ್ 50. ಐದು, ಆರರಲ್ಲಿ ತಲಾ ಎರಡು ಥಿಯರಿ, ಎರಡು ಪ್ರ್ಯಾಕ್ಟಿಕಲ್. ಅಂದರೆ 600 ಮತ್ತು 600, ಒಟ್ಟು 1200. ಅದರಲ್ಲಿ ಥಿಯರಿ 800, ಪ್ರ್ಯಾಕ್ಟಿಕಲ್ 400. ಭಾಷೆಗಳನ್ನು ಸೇರಿಸಬಾರದು. ಅದೇ ವಿಭಾಗದವರು ನಡೆಸಿದ ಓಪನ್ ಎಲೆಕ್ಟಿವ್ ಪೇಪರ್ ಹೆಸರಲ್ಲಿ ರಸಾಯನಶಾಸ್ತ್ರ ಅಂತ ಇದ್ದರೂ ಸೇರಿಸಬಾರದು. ಕೌಶಲ ಪೇಪರ್‌ಗಳಿಗೂ ಇದೇ ಮಾತು. ಅಂಕಪಟ್ಟಿಯಲ್ಲಿ ಎಸ್‌ಜಿಪಿಎ ಕಂಡಾಕ್ಷಣ ಹತ್ತರಿಂದ ಗುಣಿಸುವವರಿದ್ದಾರೆ. ಅದು ಇಡೀ ಸೆಮಿಸ್ಟರ್‌ನ ಸರಾಸರಿ, ಒಂದು ವಿಷಯದ್ದಲ್ಲ. ನಿಜವಾದ ಅಂಕಗಳನ್ನೇ ಕೂಡಿಸಬೇಕು. ಅಂಕ ಇಲ್ಲದೆ ಗ್ರೇಡ್ ಮಾತ್ರ ಇದ್ದರೆ ಡಿಗ್ರಿ ಕೊಟ್ಟ ವಿಶ್ವವಿದ್ಯಾಲಯದ ಮೌಲ್ಯಮಾಪನ ವಿಭಾಗದಿಂದ ಪರಿವರ್ತನೆಯ ಪತ್ರ ತರಿಸಬೇಕು. ಶೇಕಡಾವನ್ನು ಎರಡು ದಶಾಂಶದವರೆಗೆ ಬರೆದು ಅಲ್ಲಿಗೇ ನಿಲ್ಲಿಸಬೇಕು. 44.96 ಅನ್ನೋದು 45 ಅಲ್ಲ.

ಆ ವರ್ಷ ಗೊಂದಲ ಹೆಚ್ಚಾಗಲು ಇನ್ನೊಂದು ಕಾರಣವಿತ್ತು. 2021ರಲ್ಲಿ ಡಿಗ್ರಿ ಸೇರಿದ ಎನ್‌ಇಪಿ ಮೊದಲ ಬ್ಯಾಚ್ ಮೂರು ವರ್ಷ ಮುಗಿಸಿ ಬಂದದ್ದು 2024ರಲ್ಲಿ. ಟೇಬಲ್ ಮೇಲೆ ಹಳೆಯ ಸ್ಕೀಮ್‌ನ ಮೂರು ಐಚ್ಛಿಕಗಳ ಅಂಕಪಟ್ಟಿ, ಎನ್‌ಇಪಿ ಅಂಕಪಟ್ಟಿ, ಗಡಿಯಾಚೆ ಸೊಲ್ಲಾಪುರ, ಉದಗೀರ, ಜಹೀರಾಬಾದ್ ಕಡೆಯಿಂದ ಬಂದ ಅಂಕಪಟ್ಟಿ ಎಲ್ಲವೂ ಒಟ್ಟಿಗೆ ಬಂದವು. ಯಾವ ಸ್ಕೀಮ್‌ಗೆ ಗರಿಷ್ಠ ಅಂಕ ಎಷ್ಟು ಅಂತ ಮೊದಲೇ ಒಂದು ತಖ್ತೆ ಮಾಡಿಕೊಡಿ ಎಂದು ಕೇಳಿದ್ದೆವು, ಬರಲಿಲ್ಲ. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿದೆ. ಆ ಬ್ಯಾಚ್ 2027ರಲ್ಲಿ ಇನ್ನೊಂದು ನಮೂನೆಯ ಅಂಕಪಟ್ಟಿ ಹಿಡಿದು ಬರುತ್ತದೆ. ಆಗ ಟೇಬಲ್‌ಗೆ ಕೂರುವವರು ಈಗಲೇ ತಯಾರಾಗಬೇಕು.

ಸೀಟಿನ ಲೆಕ್ಕಕ್ಕೆ ಬರುತ್ತೇನೆ, ಮುಂದಿನದು ಅದಿಲ್ಲದೆ ಅರ್ಥವಾಗುವುದಿಲ್ಲ. ಒಟ್ಟು 40 ಸೀಟು. 371(ಜೆ) ಪ್ರಕಾರ ನಮ್ಮ ಭಾಗದ ಸಂಸ್ಥೆಗಳಲ್ಲಿ ಶೇ. 70 ಸ್ಥಳೀಯರಿಗೆ, ಅಂದರೆ 28. ಆ 28ರೊಳಗೆ ಎಸ್‌ಸಿ 5, ಎಸ್‌ಟಿ 2, ಪ್ರವರ್ಗ-1ಕ್ಕೆ 1, 2ಎಗೆ 4, 2ಬಿ, 3ಎ, 3ಬಿ ತಲಾ 1, ಉಳಿದ 13 ಜಿಎಂ, ಅಂದರೆ ಸಾಮಾನ್ಯ ವರ್ಗ. ಸ್ಥಳೀಯ ಅಂತ ಸಾಬೀತು ಮಾಡಲು ಬೇಕಾದದ್ದು ಉಪವಿಭಾಗಾಧಿಕಾರಿ, ಅಂದರೆ ಎ.ಸಿ., ಕೊಟ್ಟ ಅರ್ಹತಾ ಪ್ರಮಾಣಪತ್ರ. ತಹಶೀಲ್ದಾರರ ವಾಸಸ್ಥಳ ಪ್ರಮಾಣಪತ್ರ ತಂದು ‘ಇದೇ ಅಲ್ಲೇನ್ರಿ’ ಅನ್ನುವವರು ಬಹಳ. ಅದು ನಡೆಯುವುದಿಲ್ಲ. ಕಲಬುರಗಿ ಜಿಲ್ಲೆಯವರಿಗೆ ಕಲಬುರಗಿ ಅಥವಾ ಸೇಡಂ, ಬೀದರಿನವರಿಗೆ ಬೀದರ ಅಥವಾ ಬಸವಕಲ್ಯಾಣ, ಯಾದಗಿರಿಯವರಿಗೆ ಯಾದಗಿರಿ ಎ.ಸಿ. ಕಚೇರಿಯದೇ ಬೇಕು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ಒಂದು ಅಂಕಿ ತಪ್ಪಾಗಿ ಹೊಡೆದರೂ ಪೋರ್ಟಲ್ ಅಭ್ಯರ್ಥಿಯನ್ನು ಜಿಎಂಗೆ ತಳ್ಳಿಬಿಡುತ್ತದೆ. 2ಎ, 2ಬಿ, 3ಎ, 3ಬಿಯವರು ಆದಾಯ ಪ್ರಮಾಣಪತ್ರ ಕೊಟ್ಟ ದಿನಾಂಕವನ್ನೂ ನೋಡಿಕೊಳ್ಳಬೇಕು. ಐದು ವರ್ಷ ದಾಟಿದ್ದರೆ ಹೊಸದು ಮಾಡಿಸಬೇಕು.

12.25ಕ್ಕೆ 2ಎ ಸ್ಥಳೀಯ ಕೋಟಾದ ನಾಲ್ಕನೆಯ, ಕೊನೆಯ ಸೀಟಿಗೆ ಔರಾದ್ ತಾಲ್ಲೂಕಿನ ಹುಡುಗಿಯ ಹೆಸರು ಕೂಗಿದರು. ಮೂಲ ದಾಖಲೆ ನೋಡಿದ್ದು ನಾನೇ. ಅವಳ ಚಲನ್ 12.30ಕ್ಕೆ ಪ್ರಿಂಟ್ ಆಯಿತು. ಅಪ್ಪ ಅದನ್ನು ಹಿಡಿದು ಬ್ಯಾಂಕ್ ಕೌಂಟರ್ ಕಡೆ ಹೋದರು. ಪರಿಶೀಲನೆ ನಮೂನೆಯಲ್ಲಿ ಅವಳ ಅಂಕವನ್ನು ಪೆನ್ನಿನಿಂದ ಕೂಡಿಸಿ ಬರೆಯುತ್ತಿದ್ದೆ: 617, 1200ಕ್ಕೆ, 51.41. 1200 ಅಂತ ಬರೆದ ಕೈ ಅಲ್ಲೇ ನಿಂತಿತು. ಬೆಳಿಗ್ಗೆ ಹೋದ ಹುಡುಗನದು 800ಕ್ಕೆ ಇತ್ತು. ಇಬ್ಬರದೂ ಅದೇ ಎನ್‌ಇಪಿ ಸ್ಕೀಮ್.

ಅವನ ಅರ್ಜಿಗೆ ಲಗತ್ತಿಸಿದ್ದ ಸ್ಕ್ಯಾನ್ ಪ್ರತಿ ತೆರೆದೆ. ಥಿಯರಿ 340. ಪ್ರ್ಯಾಕ್ಟಿಕಲ್ 318, 400ಕ್ಕೆ. ಒಟ್ಟು 658, ಶೇ. 54.83. ಹುಡುಗಿಗಿಂತ ಮೇಲೆ. ಆ ಸೀಟು ಅವನದು.

ಮುಂದಿನ ಇಪ್ಪತ್ತು ನಿಮಿಷ ಮೂರು ಕೆಲಸ ಒಟ್ಟಿಗೆ ಆಗಬೇಕಿತ್ತು. ಚಲನ್ ಕಟ್ಟದಂತೆ ತಡೆಯಬೇಕು. ಹಣ ಬಿದ್ದು ತಾತ್ಕಾಲಿಕ ಪ್ರವೇಶದ ಚೀಟಿಗೆ ಸಹಿಯಾದರೆ ಪ್ರವೇಶ ಖಾಯಂ, ಆಮೇಲೆ ತೆಗೆಯಲು ಕುಲಸಚಿವರ ಆದೇಶವೇ ಬೇಕು. ಪ್ರವೇಶ ಸಮಿತಿಯ ಅಧ್ಯಕ್ಷರಿಗೆ ಹೇಳಿ ಮುಂದಿನ ಕರೆ ನಿಲ್ಲಿಸಬೇಕು. ಹುಡುಗನನ್ನು ಹುಡುಕಬೇಕು. ಅಟೆಂಡರ್ ಬ್ಯಾಂಕಿಗೆ ಓಡಿದ. ಅರ್ಜಿಯಲ್ಲಿದ್ದ ನಂಬರಿಗೆ ನಾನು ಫೋನ್ ಹಚ್ಚಿದೆ. ಎತ್ತಿದವರು ಶಹಾಪುರದ ಆನ್‌ಲೈನ್ ಸೆಂಟರ್‌ನವರು. ಅರ್ಜಿ ತುಂಬಿಕೊಟ್ಟವರು ಒಟಿಪಿಗಾಗಿ ತಮ್ಮ ನಂಬರನ್ನೇ ಹಾಕಿದ್ದರು. ಪ್ರ್ಯಾಕ್ಟಿಕಲ್ ಸಾಲು ಬಿಟ್ಟವರೂ ಅವರೇ. ಪುಣ್ಯಕ್ಕೆ ಹುಡುಗನ ನಂಬರ್ ಅವರ ಹತ್ತಿರ ಇತ್ತು. ಅವನು ಬಸ್‌ಸ್ಟ್ಯಾಂಡ್ ತಲುಪಿದ್ದ, ಜೇವರ್ಗಿ ಬಸ್ ಇನ್ನೂ ಹೊರಟಿರಲಿಲ್ಲ. 1.10ಕ್ಕೆ ವಾಪಸ್ ಬಂದ.

ಆಕ್ಷೇಪಣೆಯ ಅವಧಿ ಮುಗಿದಿದೆ ಅಂತ ನಾನು ಹೇಳಿದ್ದು ನಿಯಮದ ಅರ್ಧ ಮಾತ್ರ. ಅದೇ ಅಧಿಸೂಚನೆಯಲ್ಲಿ, ಅರ್ಜಿಯ ವಿವರಕ್ಕೂ ಮೂಲ ಅಂಕಪಟ್ಟಿಗೂ ವ್ಯತ್ಯಾಸ ಬಂದರೆ ಮೂಲ ಅಂಕಪಟ್ಟಿಯೇ ಅಂತಿಮ ಎಂಬ ಸಾಲು ಕೊನೆಯ ಪುಟದಲ್ಲಿ ಇತ್ತು. ಅಧ್ಯಕ್ಷರು ಆ ಸಾಲನ್ನು ಉಲ್ಲೇಖಿಸಿ ನಡಾವಳಿಯಲ್ಲಿ ಒಂದು ಪುಟ ಬರೆದು, ಸದಸ್ಯರ ಸಹಿ ತೆಗೆದುಕೊಂಡು, ಹುಡುಗನಿಗೆ ಸೀಟು ಕೊಟ್ಟರು. ಇಂಥ ಸಂದರ್ಭದಲ್ಲಿ ನಡಾವಳಿಯನ್ನು ಅದೇ ದಿನ, ಅದೇ ಟೇಬಲ್‌ನಲ್ಲಿ ಬರೆಯಬೇಕು. ಸಮಯ, ಎರಡೂ ಅಭ್ಯರ್ಥಿಗಳ ಒಟ್ಟು ಅಂಕ, ಚಲನ್ ಸಂಖ್ಯೆ ಮತ್ತು ಅದು ರದ್ದಾದ ವಿಷಯ ಅದರಲ್ಲಿರಬೇಕು. ಮರುದಿನ ಬರೆದರೆ ಅದನ್ನು ಯಾರೂ ನಂಬುವುದಿಲ್ಲ.

ಹುಡುಗಿಯ ಅಪ್ಪನ ಕೈಯಿಂದ ಚಲನ್ ವಾಪಸ್ ತೆಗೆದುಕೊಂಡದ್ದು ನಾನು. ‘ಸಾಹೇಬ್ರ, ಸೀಟ್ ಸಿಕ್ಕದಂತ ಊರಿಗಿ ಫೋನ್ ಹಚ್ಚೀನ್ರಿ’ ಅಂದರು. ಬೇರೇನೂ ಅನ್ನಲಿಲ್ಲ. ಮಗಳು ಅಂಕಪಟ್ಟಿಗಳನ್ನು ಒಂದೊಂದಾಗಿ ಎಣಿಸಿ ಫೈಲಿಗೆ ಹಾಕಿಕೊಂಡಳು. ಅವಳದೇನೂ ತಪ್ಪಿರಲಿಲ್ಲ. ಬೆಳಿಗ್ಗೆ ನಾನು ಎರಡು ನಿಮಿಷ ಕೂಡಿಸಿ ನೋಡಿದ್ದರೆ ಅವಳ ಹೆಸರನ್ನು ಯಾರೂ ಕೂಗುತ್ತಲೇ ಇರಲಿಲ್ಲ, ಕೊಟ್ಟು ಕಸಿದುಕೊಂಡಂತೆಯೂ ಆಗುತ್ತಿರಲಿಲ್ಲ.

ಒಂದು ಹೆಚ್ಚುವರಿ ಸೀಟಿಗಾಗಿ ಅಂದೇ ಪತ್ರ ಹೋಯಿತು. ಪ್ರಯೋಗಾಲಯದಲ್ಲಿ 44 ಜನ ನಿಲ್ಲುವಷ್ಟು ಜಾಗವಿತ್ತು. ಉತ್ತರ ಬಂದದ್ದು ಪ್ರವೇಶದ ಕೊನೆಯ ದಿನ ಕಳೆದ ಮೇಲೆ, ಅದೂ ‘ಪರಿಶೀಲಿಸಲಾಗುವುದು’ ಅಂತ. ಸಿಬ್ಬಂದಿಯ ತಪ್ಪಿನಿಂದ ಅಭ್ಯರ್ಥಿಗೆ ನಷ್ಟವಾದರೆ ಸ್ಥಳದಲ್ಲೇ ಸರಿಪಡಿಸುವ ಅಧಿಕಾರ ಸಮಿತಿಗೆ ಇರಬೇಕು ಅಂತ ನಾನು ಇವತ್ತೂ ಹೇಳುತ್ತೇನೆ. ಹನ್ನೊಂದು ದಿನದ ಮೇಲೆ ಒಬ್ಬ ವಿದ್ಯಾರ್ಥಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿ ಬಿಟ್ಟುಹೋದ. ಕಾಯುವ ಪಟ್ಟಿಯಲ್ಲಿ ಮೊದಲನೆಯವಳು ಇದೇ ಹುಡುಗಿ. ಫೋನ್ ಮಾಡಿದಾಗ ಬೀದರಿನಲ್ಲಿ ಬಿ.ಇಡಿ.ಗೆ ಫೀ ಕಟ್ಟಿ, ಟಿಸಿ ಕೊಟ್ಟಾಗಿತ್ತು. ಇನ್ನು ಬರುವುದಿಲ್ಲ ಅಂದಳು.

ಬಿಟ್ಟುಹೋಗುವವರಿಗೆ ಒಂದು ಮಾತು. ಯುಜಿಸಿಯ 2018ರ ಅಧಿಸೂಚನೆಯ ಪ್ರಕಾರ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲೇ ತಿಳಿಸಿದರೆ ಸಂಸ್ಕರಣಾ ವೆಚ್ಚವಷ್ಟೇ ಕಳೆದು ಪೂರ್ತಿ ಶುಲ್ಕ ವಾಪಸ್, 15 ದಿನದೊಳಗೆ ಆದರೆ ಶೇ. 90, ಕೊನೆಯ ದಿನ ಕಳೆದು 15 ದಿನದವರೆಗೆ ಶೇ. 80, 30 ದಿನದವರೆಗೆ ಶೇ. 50, ಆಮೇಲೆ ಇಲ್ಲ. ಮೂಲ ದಾಖಲೆಗಳನ್ನು ಸಂಸ್ಥೆ ಇಟ್ಟುಕೊಳ್ಳುವಂತಿಲ್ಲ. ಬಿಡುವುದಾದರೆ ಲಿಖಿತವಾಗಿ ಬೇಗ ಬಿಡಿ, ಹಿಂದೆ ಒಬ್ಬರು ಕಾಯುತ್ತಿರುತ್ತಾರೆ.

ಸೇರಿದ ಮೇಲೆ ಲೆಕ್ಕ ತಿರುಗುತ್ತದೆ, ಹುಡುಗರು ಎಡವುವುದು ಇಲ್ಲೇ. ಪ್ರವೇಶದಲ್ಲಿ ಪ್ರ್ಯಾಕ್ಟಿಕಲ್ ಅಂಕ ಥಿಯರಿಯನ್ನು ಎತ್ತಿ ಹಿಡಿಯುತ್ತದೆ, ಎಂ.ಎಸ್ಸಿ. ಪರೀಕ್ಷೆಯಲ್ಲಿ ಎತ್ತುವುದಿಲ್ಲ. ನಮ್ಮ ನಿಯಮದಲ್ಲಿ ಥಿಯರಿಗೆ 80 ಪರೀಕ್ಷೆ, 20 ಐ.ಎ. (ಆಂತರಿಕ ಅಂಕ); ಪ್ರ್ಯಾಕ್ಟಿಕಲ್‌ಗೆ 40 ಮತ್ತು 10. ಪ್ರತಿ ಪೇಪರ್‌ನ ಪರೀಕ್ಷೆಯಲ್ಲೇ ಶೇ. 40, ಅಂದರೆ 80ಕ್ಕೆ 32, ಪ್ರ್ಯಾಕ್ಟಿಕಲ್‌ನಲ್ಲಿ 40ಕ್ಕೆ 16 ಬರಲೇಬೇಕು. ಇದರ ಮೇಲೆ ಸೆಮಿಸ್ಟರ್‌ನ ಒಟ್ಟು ಶೇ. 50. ಐ.ಎ.ಯಲ್ಲಿ 20ಕ್ಕೆ 20 ಇದ್ದರೂ ಪರೀಕ್ಷೆಯ 31, 32 ಆಗುವುದಿಲ್ಲ.

ಹಾಜರಾತಿ ಪ್ರತಿ ಪೇಪರ್‌ಗೂ ಶೇ. 75. ನಾಲ್ಕು ಪೇಪರ್‌ನ ಸರಾಸರಿ ಹಿಡಿದು ಸಾಕು ಅನ್ನುವಂತಿಲ್ಲ. ಪರೀಕ್ಷಾ ಅರ್ಜಿಯಲ್ಲಿ ರಿಪೀಟರ್‌ಗಳು ಪೇಪರ್ ಕೋಡ್ ನೋಡಿ ಹಾಕಬೇಕು; ಹಳೆಯ ಸ್ಕೀಮ್, ಹೊಸ ಸ್ಕೀಮ್ ಎರಡರಲ್ಲೂ ಪೇಪರ್ ಹೆಸರು ಒಂದೇ ಇರುತ್ತದೆ. ಹೆಸರು ನೋಡಿ ಟಿಕ್ ಮಾಡಿದವರಿಗೆ ಪರೀಕ್ಷೆ ದಿನ ಬೇರೆಯೇ ಪ್ರಶ್ನೆಪತ್ರಿಕೆ ಬಂದದ್ದನ್ನು ಕಂಡಿದ್ದೇನೆ. ಪ್ರ್ಯಾಕ್ಟಿಕಲ್ ಪರೀಕ್ಷೆಗೆ ಬ್ಯಾಚ್ ಬದಲಾಗಬೇಕಿದ್ದರೆ ಹಿಂದಿನ ದಿನವೇ ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಕೊಡಬೇಕು. ಬಾಹ್ಯ ಪರೀಕ್ಷಕರು ಕೊನೆಯ ಬ್ಯಾಚ್ ಮುಗಿಸಿ ಅಂಕಪಟ್ಟಿಗೆ ಸಹಿ ಹಾಕಿದ ಮೇಲೆ ಒಬ್ಬರಿಗಾಗಿ ಮತ್ತೆ ಪರೀಕ್ಷೆ ಇಡುವುದಿಲ್ಲ. ಆ ಪ್ರ್ಯಾಕ್ಟಿಕಲ್‌ಗೆ ಮುಂದಿನ ವರ್ಷ ಅದೇ ಸೆಮಿಸ್ಟರ್ ಬರುವವರೆಗೆ ಕಾಯಬೇಕು. ಜರ್ನಲ್‌ಗೆ ಮುಖ್ಯಸ್ಥರ ಸಹಿ ಇಲ್ಲದಿದ್ದರೆ ಒಳಗೇ ಬಿಡುವುದಿಲ್ಲ.

ಉತ್ತರಪತ್ರಿಕೆಯನ್ನು ಇಬ್ಬರು ನೋಡುತ್ತಾರೆ, ಒಬ್ಬರು ಒಳಗಿನವರು, ಒಬ್ಬರು ಹೊರಗಿನವರು. ನಮ್ಮಲ್ಲಿ ಇಬ್ಬರ ನಡುವೆ ಗರಿಷ್ಠ ಅಂಕದ ಶೇ. 20ಕ್ಕಿಂತ, ಅಂದರೆ 80ಕ್ಕೆ 16ಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯವರಿಗೆ ಹೋಗುತ್ತದೆ. ಹತ್ತಿರದ ಎರಡರ ಸರಾಸರಿ ಉಳಿಯುತ್ತದೆ. ಫಲಿತಾಂಶ ತಡವಾಗುವುದು ಬಹಳ ಸಲ ಈ ಮೂರನೆಯ ಬಂಡಲ್‌ನಿಂದ.

ಐ.ಎ. ಅಂಕ ಪೋರ್ಟಲ್‌ಗೆ ಹಾಕುವ ಅಧ್ಯಾಪಕರಲ್ಲಿ ಒಂದು ಕೋರಿಕೆ: ಗೈರಾದವರಿಗೆ ಸೊನ್ನೆ ಹೊಡೆಯಬೇಡಿ, ‘ಎಬಿ’ ಅಂತಲೇ ಹಾಕಿ, ಬಿಟ್ಟ ಖಾಲಿ ಜಾಗವಂತೂ ಇಡೀ ಪೇಪರ್‌ನ ಫಲಿತಾಂಶ ತಡೆಯುತ್ತದೆ.

ಆ ಕೌನ್ಸೆಲಿಂಗ್ ಆದಮೇಲೆ ‘ಎಷ್ಟಕ್ಕೆ’ ಕಾಲಂ ಅಭ್ಯರ್ಥಿ ತುಂಬುವುದು ಬೇಡ, ಸ್ಕೀಮ್ ಆಯ್ದರೆ ತಾನೇ 1200 ಅಂತ ಬರುವಂತೆ ಮಾಡಿ ಎಂದು ಪತ್ರ ಬರೆದಿದ್ದೇವೆ. ಇನ್ನೂ ಆಗಿಲ್ಲ. ಅಲ್ಲಿಯವರೆಗೆ ನಮ್ಮ ಕಿಟಕಿಯ ಗಾಜಿಗೆ ಒಂದು ಹಾಳೆ ಅಂಟಿಸಿದ್ದೇವೆ: ಯಾವ ಸ್ಕೀಮ್‌ಗೆ ಥಿಯರಿ ಎಷ್ಟು, ಪ್ರ್ಯಾಕ್ಟಿಕಲ್ ಎಷ್ಟು, ಒಟ್ಟು ಎಷ್ಟು. ಕೆಳಗೆ, ಅರ್ಜಿಯಲ್ಲಿ ನಿಮ್ಮದೇ ಫೋನ್ ನಂಬರ್ ಹಾಕಿ ಅಂತ ಬರೆದಿದೆ. ‘ಅನರ್ಹ’ ಪಟ್ಟಿಯ ಪ್ರತಿಯೊಬ್ಬರ ಅಂಕಪಟ್ಟಿಯನ್ನೂ ಕೌನ್ಸೆಲಿಂಗ್‌ನ ಹಿಂದಿನ ಸಂಜೆ ಇಬ್ಬರು ಕೂತು ಪೆನ್ನಿನಿಂದ ಕೂಡಿಸುತ್ತೇವೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಬರೆಯುತ್ತಾರೆ. ಮೊದಲು ಬರೆಯುವುದು ‘ಎಷ್ಟಕ್ಕೆ’ ಅನ್ನೋದನ್ನು, ಆಮೇಲೆ ಅಂಕ.