ಸ್ಪ್ರೇ ಹಾಕ್ಕೊಳ್ತೀರಾ ಅಂತ ಕೇಳಬೇಡಿ, ತೋರಿಸಿ ಅನ್ನಿ

ಹುಬ್ಬಳ್ಳಿಯ ಒಂದು ಕಿವಿ-ಮೂಗು-ಗಂಟಲಿನ (ಇಎನ್‌ಟಿ) ಹೊರರೋಗಿ ವಿಭಾಗದಲ್ಲಿ ನಾನು ಸ್ಟಾಫ್ ನರ್ಸ್. ಸೈನಸ್ (ಮೂಗಿನ ಅಕ್ಕಪಕ್ಕದ ಎಲುಬಿನೊಳಗಿನ ಪೊಳ್ಳು) ಆಪರೇಷನ್ ಆದವರಿಗೆ ಡಿಸ್ಚಾರ್ಜ್ ದಿನವೇ ಹೇಳಿಬಿಡುತ್ತೇನೆ, ಮುಂದಿನ ಸಲ ಬರುವಾಗ ಮೂಗಿಗೆ ಹೊಡೆದುಕೊಳ್ಳುವ ಸ್ಪ್ರೇ ಬಾಟಲಿ ಜೊತೆಗೇ ತನ್ನಿ ಎಂದು. ತಂದವರಿಗೆ ಒಂದೇ ಮಾತು: "ಹೆಂಗ ಹೊಡ್ಕೋತೀರಿ, ಸ್ವಲ್ಪ ತೋರಸ್ರಿ."

ಬ್ಯಾಡಗಿ ಕಡೆಯ ಹಮಾಲರೊಬ್ಬರು ಬಂದಿದ್ದರು. ಮೆಣಸಿನಕಾಯಿ ಘಾಟಿನಲ್ಲೇ ದುಡಿಮೆ. ಪಾಲಿಪ್ (ಮೂಗಿನೊಳಗೆ ಬೆಳೆಯುವ ಮೆತ್ತನೆಯ ಗಡ್ಡೆ) ತೆಗೆಸಿಕೊಂಡಿದ್ದರೂ ಮೂಗು ಮತ್ತೆ ಕಟ್ಟುತ್ತಿತ್ತು, ಆಗಾಗ ರಕ್ತ ಬೇರೆ. "ದಿನಾ ತಪ್ಪದ ಹಾಕ್ಕೋತೀನ್ರಿ ಸಿಸ್ಟರ್" ಅಂದರು. ಮಾತು ನಿಜವೇ. ತೋರಿಸಿ ಅಂದಾಗ ಕತ್ತು ಹಿಂದಕ್ಕೆ ಚಾಚಿದರು, ಮೂಗಿನ ನಡುಗೋಡೆಗೆ ಗುರಿ ಇಟ್ಟರು, ಸೊರ್ ಅಂತ ಎಳೆದರು. ಅರ್ಧ ಔಷಧಿ ಗಂಟಲಿಗೆ ಇಳಿಯಿತು, ಉಳಿದದ್ದು ನಡುಗೋಡೆಗೆ ಬಡಿಯಿತು. ರಕ್ತ ಬರುತ್ತಿದ್ದದ್ದೂ ಅಲ್ಲಿಂದಲೇ.

ತಲೆ ಸ್ವಲ್ಪ ಮುಂದಕ್ಕೆ ಬಾಗಿರಬೇಕು. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಹೀಗೆ ಹಿಡಿದರೆ ತುದಿ ತಾನಾಗಿಯೇ ಕಿವಿಯ ಕಡೆ ತಿರುಗುತ್ತದೆ. ಉಸಿರು ಮೆಲ್ಲಗೆ ಎಳೆದರೆ ಸಾಕು. ಗಂಟಲಲ್ಲಿ ಕಹಿ ಬಂದರೆ ಜೋರಾಗಿ ಎಳೆದಿದ್ದೀರಿ ಎಂದೇ ಲೆಕ್ಕ.

"ಆಪರೇಷನ್ ಆಯ್ತಲ್ಲ, ಇನ್ಯಾಕ್ರಿ ಸ್ಪ್ರೇ?" ಇದು ದಿನಾ ಕೇಳುವ ಪ್ರಶ್ನೆ, ಕೇಳುವುದರಲ್ಲಿ ತಪ್ಪೂ ಇಲ್ಲ. ಎಂಡೋಸ್ಕೋಪ್ ಎಂಬ ಒಳಗೆ ನೋಡುವ ಕೊಳವೆ ಹಾಕಿ ಪಾಲಿಪ್ ತೆಗೆದು ಸೈನಸ್‌ನ ದಾರಿ ಅಗಲ ಮಾಡುತ್ತಾರೆ. ಆದರೆ ಒಳಗಿನ ತೆಳುಪೊರೆ ಊದಿಕೊಳ್ಳುವ ಗುಣ ಹಾಗೇ ಇರುತ್ತದೆ. ಮೊದಲು ಆ ದಾರಿ ಎಷ್ಟು ಕಿರಿದಾಗಿತ್ತೆಂದರೆ ಔಷಧಿ ಒಳಗೆ ಹೋಗುತ್ತಲೇ ಇರಲಿಲ್ಲ. ಈಗ ಹೋಗುತ್ತದೆ. ಬಾಗಿಲು ತೆರೆಸಿದ್ದೇ ಔಷಧಿ ಒಳಗೆ ಹೋಗಲಿ ಅಂತ, ಅಲ್ವಾ?

ಈ ಸ್ಪ್ರೇಯಲ್ಲಿರುವುದು ಊತ ಇಳಿಸುವ ಸ್ಟಿರಾಯ್ಡ್. ಆ ಹೆಸರು ಕೇಳಿದ ಕೂಡಲೇ ಹೆದರಿ ಬಿಟ್ಟುಬಿಡುವವರೂ ಜಾಸ್ತಿ. ಮೊಮೆಟಾಸೋನ್, ಫ್ಲುಟಿಕಾಸೋನ್ ಸ್ಪ್ರೇಗಳು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಆದರೆ ಕೆಲಸ ನಿಧಾನ, ಪೂರ್ತಿ ಗುಣ ಕಾಣಲು ಕೆಲವು ವಾರ ಬೇಕು. ಅಷ್ಟು ತಾಳ್ಮೆ ಇಲ್ಲದವರು ಮೆಡಿಕಲ್ ಶಾಪಿನಲ್ಲಿ ಮೂಗು ಬಿಡಿಸುವ ಡ್ರಾಪ್ಸ್ ತಗೊಳ್ಳುತ್ತಾರೆ. ಅದು ನಿಮಿಷಗಳಲ್ಲೇ ಬಿಡಿಸುತ್ತದೆ ನಿಜ. ಆದರೆ ಝೈಲೋಮೆಟಾಝೋಲಿನ್‌ನಂಥದ್ದನ್ನು 5 ದಿನಕ್ಕಿಂತ ಹೆಚ್ಚು ಎಳೆದರೆ ಮೂಗು ಮೊದಲಿಗಿಂತ ಜೋರಾಗಿ ಕಟ್ಟತೊಡಗುತ್ತದೆ. ಆಮೇಲೆ ಡ್ರಾಪ್ಸ್ ಇಲ್ಲದೆ ನಿದ್ದೆ ಬರದು. ಮಾತ್ರೆಯ ಅಭ್ಯಾಸ ಬಿಡಿಸಬಹುದು, ಈ ಡ್ರಾಪ್ಸ್ ಬಿಡಿಸುವುದು ಕಷ್ಟ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಮೂಗು ತೊಳೆಯುವುದನ್ನೂ ಮಾಡಿಸಿಯೇ ನೋಡುತ್ತೇನೆ. 240 ಎಂಎಲ್ ಕುದಿಸಿ ಆರಿಸಿದ ನೀರು, ಅಯೋಡಿನ್ ಇಲ್ಲದ ಉಪ್ಪು ಅರ್ಧ ಟೀ ಚಮಚ, ಚಿಟಿಕೆ ಅಡುಗೆ ಸೋಡಾ. ಮೊದಲು ತೊಳೆಯುವುದು, ಆಮೇಲೆ ಸ್ಪ್ರೇ. ತಿರುಗಾಮುರುಗಾ ಮಾಡಿದರೆ ಹೊಡೆದ ಔಷಧಿಯೆಲ್ಲ ಬೇಸಿನ್‌ಗೆ. ಕುದಿಸುವ ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳುವುದಿಲ್ಲ. ಹಸಿ ನೀರಿನಲ್ಲಿ ನೇಗ್ಲೇರಿಯಾ ಎಂಬ ಅಮೀಬಾ ಇರಬಹುದು. ಕುಡಿದರೆ ಅದು ಏನೂ ಮಾಡುವುದಿಲ್ಲ, ಮೂಗಿನಿಂದ ಹೋದರೆ ಮೆದುಳಿಗೆ ಹತ್ತುತ್ತದೆ. ಅಪರೂಪ, ಆದರೆ ಹತ್ತಿದರೆ ಉಳಿಯುವವರು ತೀರಾ ಕಮ್ಮಿ.

ಈಗ ಡಿಸ್ಚಾರ್ಜ್ ದಿನ ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ, ಯಾಕೆಂದರೆ ಊರಿಗೆ ಹೋದ ಮೇಲೆ ನೋಡಿಕೊಳ್ಳುವವರು ಅವರೇ. ಕಣ್ಣು ಊದಿದರೆ, ದೃಷ್ಟಿ ಮಂಜಾದರೆ, ಕತ್ತು ಬಿಗಿದು ಜ್ವರ ಬಂದರೆ ಅಪಾಯಿಂಟ್‌ಮೆಂಟ್ ಕಾಯದೆ ಬನ್ನಿ ಅನ್ನುತ್ತೇನೆ. ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ ನೆಗಡಿ ಅಂತ ಸುಮ್ನೆ ಕೂರಬೇಡಿ. ಮೂಗಿನ ಮೇಲಿನ ತೆಳು ಎಲುಬಿನಾಚೆ ಮೆದುಳೇ ಇದೆ, ಸೋರುತ್ತಿರುವುದು ಅದರ ಸುತ್ತಲಿನ ನೀರೂ ಆಗಿರಬಹುದು.