ಗಾಲಿ ಕಟ್ಟಿಕೊಂಡ ಟಾಕೀಸು

ನಮ್ಮ ಅರಸೀಕೆರೆಯಲ್ಲಿ ಒಂದು ಕಲ್ಯಾಣ ಮಂಟಪ ಇತ್ತು. ಅಲ್ಲಿ ಊಟಕ್ಕೆ ಕೂತರೆ ಸಾರು ಎಲೆಯ ಒಂದೇ ಕಡೆಗೆ ಹರಿಯುತ್ತಿತ್ತು. ಟೇಬಲ್ಲಿನ ಕಾಲಿಗೆ ರಟ್ಟು ಮಡಚಿ ಕೊಟ್ಟರೂ ಅಷ್ಟೇ. ಬಡಿಸುವವರಿಗೆ ಅಭ್ಯಾಸವಾಗಿತ್ತು. ಆ ಕಡೆಗೆ ಅನ್ನದ ಕಟ್ಟೆ ಕಟ್ಟಿಸಿ ಆಮೇಲೆ ಸಾರು ಹಾಕುತ್ತಿದ್ದರು. ಗಂಡಿನ ಕಡೆಯವರು ಹೊರಗಿನವರಾದರೆ 'ಏನ್ರೀ, ನೆಲಾನೇ ಸೊಟ್ಟ ಇದೆ' ಅಂತ ಗೊಣಗುತ್ತಿದ್ದರು. ಊರಿನವರು ಮಾತಾಡುತ್ತಿರಲಿಲ್ಲ. ಅದು ಮೊದಲು ಟಾಕೀಸು ಅಂತ ಅವರಿಗೆ ಗೊತ್ತಿತ್ತಲ್ವಾ?

ಟಾಕೀಸಿನ ನೆಲ ಪರದೆಯ ಕಡೆಗೆ ಇಳಿಜಾರು. ಸೀಟು ಕಿತ್ತು, ಮಣ್ಣು ತುಂಬಿಸಿ, ಮೇಲೆ ಟೈಲ್ಸ್ ಹಾಕಿಸಿದ್ದರು. ಮಣ್ಣು ಕೂತಿತು. ಇಳಿಜಾರು ಮತ್ತೆ ಎದ್ದಿತು. ಅಲ್ಲಿ ನನ್ನ ಸೋದರಮಾವ ಹದಿನೇಳು ವರ್ಷ ಆಪರೇಟರ್ ಆಗಿದ್ದ. ಪ್ರೊಜೆಕ್ಟರಿನ ಕಾರ್ಬನ್ ಕಡ್ಡಿ ಉರಿಯುವ ವಾಸನೆ ಅವನ ಅಂಗಿಯಿಂದ ಹೋಗುತ್ತಲೇ ಇರಲಿಲ್ಲ. ಅದೇ ಹಾಲಿನಲ್ಲಿ ತನ್ನ ಮಗಳ ಮದುವೆ ಮಾಡುವಾಗ ಧಾರೆ ಮುಗಿಯುವತನಕ ತಲೆ ಎತ್ತಿ ಎತ್ತಿ ಕ್ಯಾಬಿನ್ನಿನ ಕಿಂಡಿಯನ್ನೇ ನೋಡುತ್ತಿದ್ದ. ಅದನ್ನು ಮುಚ್ಚಿ ಅಲ್ಲಿ ಗಣಪತಿ ಫೋಟೋ ಹಾಕಿದ್ದರು.

ಇದನ್ನು ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಲಂಡನ್ನಿನಲ್ಲಿ ಇನ್ನೊಂದು ಟಾಕೀಸಿನ ಮುಂದೆ ನಾನು ಓಡಾಡಿದ್ದೇನೆ. ಅದಕ್ಕೆ ಆದದ್ದು ಮದುವೆ ಅಲ್ಲ. ಅದಕ್ಕೆ ಗಾಲಿ ಕಟ್ಟಿದರು.

ನಾನು ಲಂಡನ್ನಿಗೆ ಬಂದದ್ದು 2002ರ ಮಾರ್ಚಿನಲ್ಲಿ. ಮೊದಲ ಆಫೀಸು ವಿಕ್ಟೋರಿಯಾ ಸ್ಟೇಷನ್ ಹತ್ತಿರ. ಸ್ಟೇಷನ್ನಿನಿಂದ ವಿಲ್ಟನ್ ರೋಡಿಗೆ ಬಂದರೆ ಎದುರಿಗೇ ಅಪೊಲೊ ವಿಕ್ಟೋರಿಯಾ ಥಿಯೇಟರ್. ಬೂದು ಬಣ್ಣದ, ಅಡ್ಡಡ್ಡ ಪಟ್ಟಿ ಎಳೆದ ಹಾಗಿರುವ ಕಾಂಕ್ರೀಟು ಕಟ್ಟಡ. ಮೊದಲ ಸಲ ನೋಡಿದಾಗ ಯಾವುದೋ ವಿದ್ಯುತ್ ಇಲಾಖೆಯ ಆಫೀಸು ಅಂದುಕೊಂಡಿದ್ದೆ. ಹಿಂದಿನ ಬೀದಿಗೆ ಹೋದರೆ ಅಲ್ಲೂ ಹೆಚ್ಚುಕಮ್ಮಿ ಅದೇ ಮುಖ. ದಾರಿ ತಪ್ಪಿ ಸುತ್ತು ಹೊಡೆದು ಇಲ್ಲಿಗೇ ಬಂದೆನಾ ಅಂತ ಎರಡು ಸಲ ಗಾಬರಿಯಾಗಿದ್ದೇನೆ.

ನಮ್ಮ ಟೀಮಿನಲ್ಲಿ ಕ್ರಾಯ್ಡನ್ನಿನ ಒಬ್ಬ ಹುಡುಗ ಇದ್ದ. ಒಂದಿನ ಸ್ಯಾಂಡ್‌ವಿಚ್ ತರಲು ಹೋಗುವಾಗ ಅದನ್ನು ತೋರಿಸಿ, 'ಎರಡು ತಿಂಗಳು ಮೊದಲು ಬಂದಿದ್ದರೆ ಒಳಗೆ ರೈಲುಗಳು ಸ್ಕೇಟಿಂಗ್ ಮಾಡೋದು ನೋಡಬಹುದಿತ್ತು' ಅಂದ. ನನ್ನ ಇಂಗ್ಲಿಷು ಆಗ ಅವರ ಉಚ್ಚಾರಕ್ಕೆ ಒಗ್ಗಿರಲಿಲ್ಲ. ತಪ್ಪು ಕೇಳಿಸಿಕೊಂಡೆ ಅಂತ ಸುಮ್ನೆ ತಲೆಯಾಡಿಸಿದೆ.

ತಪ್ಪು ಕೇಳಿಸಿಕೊಂಡಿರಲಿಲ್ಲ.

ಈ ಕಟ್ಟಡ ಶುರುವಾದದ್ದು 1930ರ ಅಕ್ಟೋಬರ್‌ನಲ್ಲಿ, ನ್ಯೂ ವಿಕ್ಟೋರಿಯಾ ಸಿನಿಮಾ ಅಂತ. ಸಿನಿಮಾಕ್ಕೆ ಮಾತು ಬಂದು ಮೂರು ವರ್ಷವಾಗಿತ್ತು ಅಷ್ಟೇ. ವಿನ್ಯಾಸ ಮಾಡಿದವರು ಅರ್ನೆಸ್ಟ್ ವಾಮ್ಸ್‌ಲಿ ಲೂಯಿಸ್. ಹೊರಗೆ ಅಷ್ಟು ಬೋಳು ಬಿಟ್ಟವರು ಒಳಗೆ ಮಾತ್ರ ಸಮುದ್ರದ ತಳವನ್ನೇ ತಂದರು. ಮತ್ಸ್ಯಕನ್ಯೆಯೊಬ್ಬಳು ಕನಸಿನಲ್ಲಿ ಕಾಣುವ ಸ್ವರ್ಗದ ಹಾಗಿರಬೇಕು ಅನ್ನುವುದು ಅವರ ಕಲ್ಪನೆ. ಕಾರಂಜಿಯ ಹಾಗೆ ಮೇಲಕ್ಕೆ ಚಿಮ್ಮುವ ಕಂಬಗಳು, ಚಿಪ್ಪಿನ ಆಕಾರಗಳು, ಎಲ್ಲೆಲ್ಲೂ ಮುಚ್ಚಿಟ್ಟ ದೀಪದ ಬೆಳಕು. ಸುಮಾರು 2,800 ಸೀಟು. ಆ ಕಾಲದಲ್ಲಿ ಒಂದು ಟಿಕೆಟ್ಟಿಗೆ ಸಿನಿಮಾ ಜೊತೆ ವೇದಿಕೆಯ ಮೇಲೆ ಹಾಡು ಕುಣಿತವೂ ಇರುತ್ತಿತ್ತು. ಹಾಗಾಗಿ ಪರದೆಯ ಹಿಂದೆ ದೊಡ್ಡ ರಂಗವನ್ನೂ ಕಟ್ಟಿದ್ದರು. ಮುಂದೆ ಕಟ್ಟಡವನ್ನು ಉಳಿಸಿದ್ದು ಆ ರಂಗವೇ ಇರಬೇಕು ಅಂತ ನನಗನ್ನಿಸುತ್ತದೆ. ಬರೀ ಪರದೆ ಇದ್ದ ನಮ್ಮೂರಿನ ಟಾಕೀಸಿಗೆ ಆ ಭಾಗ್ಯ ಇರಲಿಲ್ಲ.

ಟಿವಿ ಬಂತು, ಜನ ಕಮ್ಮಿಯಾದರು. ಎಲ್ಲಾ ಕಡೆ ಅದೇ ಕಥೆ. 1975ರಲ್ಲಿ ಸಿನಿಮಾ ನಿಂತಿತು. ಐದು ವರ್ಷಕ್ಕೂ ಮೇಲೆ ಬಾಗಿಲು ಹಾಕಿಯೇ ಇತ್ತು. 1981ರಲ್ಲಿ ಅಪೊಲೊ ವಿಕ್ಟೋರಿಯಾ ಅನ್ನುವ ಹೊಸ ಹೆಸರಿನಲ್ಲಿ, ಗಾಯಕಿ ಶರ್ಲಿ ಬ್ಯಾಸಿ ಅವರ ಸಂಗೀತ ಕಛೇರಿಯಿಂದ ಮತ್ತೆ ತೆರೆಯಿತು. ನಂತರ ಸಂಗೀತ ನಾಟಕಗಳು.

1984ರಲ್ಲಿ ಬಂದದ್ದು 'ಸ್ಟಾರ್‌ಲೈಟ್ ಎಕ್ಸ್‌ಪ್ರೆಸ್'. ಸಂಗೀತ ಆಂಡ್ರ್ಯೂ ಲಾಯ್ಡ್ ವೆಬ್ಬರ್, ನಿರ್ದೇಶನ ಟ್ರೆವರ್ ನನ್. ಮಗುವೊಂದರ ಆಟಿಕೆ ರೈಲುಗಳು ಕನಸಿನಲ್ಲಿ ಜೀವ ತಳೆದು ರೇಸಿಗೆ ಬೀಳುತ್ತವೆ. ಡೀಸೆಲ್ ಎಂಜಿನ್ನಿಗೆ ಕೊಬ್ಬು, ಎಲೆಕ್ಟ್ರಿಕ್ ಎಂಜಿನ್ನಿಗೆ ಠೀವಿ, ಪಾಪದ ಸ್ಟೀಮ್ ಎಂಜಿನ್ನಿಗೆ ತನ್ನ ಮೇಲೇ ನಂಬಿಕೆ ಇಲ್ಲ. ಜಂಕ್ಷನ್ ಊರಿನಲ್ಲಿ ಕಲ್ಲಿದ್ದಲ ಹೊಗೆ ಕುಡಿದು ಬೆಳೆದವಳು ನಾನು. ನನ್ನ ಓಟು ಯಾರಿಗೆ ಅಂತ ಕೇಳಬೇಡಿ.

ರೈಲು ಅಂದಮೇಲೆ ಓಡಬೇಕು. ಮನುಷ್ಯರು ರೈಲಾದರೆ ಓಡುವುದು ಹೇಗೆ? ಕಾಲಿಗೆ ಗಾಲಿ ಕಟ್ಟಿ. ಗಾಲಿ ಕಟ್ಟಿದರೆ ರಂಗ ಸಾಲದು. ಆಗ ವಿನ್ಯಾಸಕಾರ ಜಾನ್ ನೇಪಿಯರ್ ಇಡೀ ಥಿಯೇಟರನ್ನೇ ರಿಂಕ್, ಅಂದರೆ ಸ್ಕೇಟಿಂಗ್ ಅಂಗಳ, ಮಾಡಿದರು. ನೂರಾರು ಸೀಟು ಕಿತ್ತರು. ರಂಗದಿಂದ ಹೊರಟ ಟ್ರ್ಯಾಕು ಕೆಳಗೆ ಕೂತ ಜನರ ನಡುವೆ ಸುತ್ತಿ, ಬಾಲ್ಕನಿಯ ಎತ್ತರಕ್ಕೂ ಏರಿ, ವಾಪಸ್ ಬರುತ್ತಿತ್ತು. ರಂಗದ ನಡುವೆ ಏರುವ, ಇಳಿಯುವ, ತಿರುಗುವ ಒಂದು ದೊಡ್ಡ ಉಕ್ಕಿನ ಸೇತುವೆ. ಎಂಜಿನ್‌ಗಳು ನಿಮ್ಮ ಬೆನ್ನ ಹಿಂದೆ ಮಾಯವಾದರೆ ಓಟ ನೋಡಲು ವಿಡಿಯೋ ಪರದೆಗಳು. ಸಿನಿಮಾ ಪರದೆ ತೆಗೆದ ಕಟ್ಟಡಕ್ಕೆ ಹೀಗೆ ಮತ್ತೆ ಪರದೆ ಬಂತು.

ಹತ್ತಿರ ಹತ್ತಿರ ಹದಿನೆಂಟು ವರ್ಷ ಓಡಿತು. 7,409 ಪ್ರದರ್ಶನ. ಕೊನೆಯದು 2002ರ ಜನವರಿ 12. ನಾನು ಬಂದದ್ದು ಮಾರ್ಚಿನಲ್ಲಿ ಅಂದೆನಲ್ಲ?

ಕ್ರಾಯ್ಡನ್ನಿನ ಹುಡುಗ ಎಂಟು ವರ್ಷದವನಾಗಿದ್ದಾಗ ಸ್ಕೂಲಿನವರು ಕರೆದುಕೊಂಡು ಹೋಗಿದ್ದರಂತೆ. ಕಥೆ ಒಂದೂ ನೆನಪಿಲ್ಲ ಅಂದ. ಪಕ್ಕದಲ್ಲಿ ಗಾಲಿ ಹೋದಾಗ ಮುಖಕ್ಕೆ ಬಡಿದ ಗಾಳಿ ನೆನಪಿದೆ, ಬೆವರಿನ ವಾಸನೆ ನೆನಪಿದೆ ಅಂದ. ನಾಟಕ ನೋಡಿ ಬಂದವರು ಹೇಳುವ ಮಾತಾ ಇದು? ಅವನು ನೋಡಿದ್ದು ನಾಟಕಕ್ಕಿಂತ ಜಾಸ್ತಿ ರಿಂಕು.

ಬೆರಗು ಹುಟ್ಟಿಸಲು ರಂಗಕ್ಕೆ ಏನನ್ನಾದರೂ ತರುವುದು ನಮಗೆ ಹೊಸದೇನಲ್ಲ. ಗುಬ್ಬಿ ಕಂಪನಿಯ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ ಕುದುರೆಗಳೇ ಬರುತ್ತಿದ್ದವು. ನಾಟಕದಲ್ಲಿ ಗಾಲಿಯೂ ಹಳೆಯದೇ. 1849ರಲ್ಲಿ ಪ್ಯಾರಿಸ್ಸಿನಲ್ಲಿ ಮೇಯರ್‌ಬೇರ್ ಎಂಬ ಸಂಗೀತಗಾರರ ಒಂದು ಆಪೆರಾದಲ್ಲಿ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದಲ್ಲಿ, ಹೆಪ್ಪುಗಟ್ಟಿದ ಕೆರೆಯ ದೃಶ್ಯ ಇತ್ತು. ರಂಗದ ಮೇಲೆ ಮಂಜುಗಡ್ಡೆ ತರಲಾಗುತ್ತದಾ? ನರ್ತಕರ ಕಾಲಿಗೆ ಗಾಲಿ ಕಟ್ಟಿ ಐಸ್ ಮೇಲೆ ಜಾರುವ ಹಾಗೆ ತೋರಿಸಿದರು.

ಆ ಗಾಲಿಗಳ ಕಷ್ಟ ಏನೆಂದರೆ, ನೇರವಾಗಿ ಹೋಗುತ್ತಿದ್ದವು, ತಿರುಗಿಸುವುದು ಬಲು ಕಷ್ಟ. ಇನ್ನೂ ಹಿಂದೆ, 1760ರ ದಶಕದಲ್ಲಿ, ಜಾನ್ ಜೋಸೆಫ್ ಮರ್ಲಿನ್ ಎಂಬ ವಾದ್ಯ ತಯಾರಕ ಲಂಡನ್ನಿನ ಸೋಹೋದ ಒಂದು ಪಾರ್ಟಿಗೆ ಗಾಲಿ ಕಟ್ಟಿಕೊಂಡು, ಪಿಟೀಲು ಬಾರಿಸುತ್ತಾ ಬಂದನಂತೆ. ತಿರುಗಲೂ ಆಗಲಿಲ್ಲ, ನಿಲ್ಲಿಸಲೂ ಆಗಲಿಲ್ಲ. ನೇರ ಹೋಗಿ 500 ಪೌಂಡಿಗೂ ಹೆಚ್ಚು ಬೆಲೆಯ ಕನ್ನಡಿಗೆ ಗುದ್ದಿದ. ಕನ್ನಡಿ ಹೋಯಿತು, ಪಿಟೀಲು ಹೋಯಿತು, ಅವನಿಗೂ ಚೆನ್ನಾಗಿ ಪೆಟ್ಟಾಯಿತು ಅಂತ ಕಥೆ. 1863ರಲ್ಲಿ ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ ಮುಂದೆ ಎರಡು, ಹಿಂದೆ ಎರಡು ಗಾಲಿ ಇಟ್ಟು, ನಡುವೆ ರಬ್ಬರ್ ಕೊಟ್ಟ. ಮೈ ಯಾವ ಕಡೆ ವಾಲುತ್ತದೋ ಗಾಲಿ ಆ ಕಡೆ ತಿರುಗುತ್ತದೆ. ರಿಂಕ್‌ಗಳ ಹುಚ್ಚು ಹಬ್ಬಿದ್ದೇ ಅದಾದ ಮೇಲೆ.

ಆ ಹುಚ್ಚು ಇಳಿದಾಗ ಎಷ್ಟೋ ರಿಂಕ್‌ಗಳು ಉಲ್ಟಾ ದಾರಿ ಹಿಡಿದು ಥಿಯೇಟರ್ ಆದವು. ವಿಕ್ಟೋರಿಯಾದಿಂದಲೇ ರೈಲು ಹತ್ತಿದರೆ ಒಂದು ಗಂಟೆಗೆ ಬ್ರೈಟನ್. ಅಲ್ಲಿನ ಹಿಪ್ಪೊಡ್ರೋಮ್ 1897ರಲ್ಲಿ ಐಸ್ ರಿಂಕ್ ಆಗಿ ಹುಟ್ಟಿದ್ದು. ಕೆಲವೇ ವರ್ಷಕ್ಕೆ ಫ್ರಾಂಕ್ ಮ್ಯಾಚಮ್ ಎಂಬ ಹೆಸರಾಂತ ವಾಸ್ತುಶಿಲ್ಪಿ ಅದನ್ನು ಸರ್ಕಸ್ಸಿಗೆ, ನಾಟಕಕ್ಕೆ ಹೊಂದಿಸಿದರು. 1967ರಿಂದ ಅದು ಬಿಂಗೊ ಹಾಲ್. ಅಂದರೆ ನಂಬರು ಕೂಗುವ ಆಟ, ನಮ್ಮ ತಂಬೋಲ. ಆಮೇಲೆ ಅದೂ ನಿಂತಿತು. ನಾನು ಹೋದಾಗ ಬೋರ್ಡುಗಳನ್ನು ಹೊಡೆದು ಮುಚ್ಚಿದ್ದರು. ಸಂದಿಯಲ್ಲಿ ಇಣುಕಿದೆ. ಏನೂ ಕಾಣಲಿಲ್ಲ.

ವಿಕ್ಟೋರಿಯಾಕ್ಕೆ ಬರುತ್ತೇನೆ. ರಿಂಕ್ ತಪ್ಪಿದರೂ ಅದೇ ಬೇಸಿಗೆಯಲ್ಲಿ ಆ ಬಾಗಿಲ ಒಳಗೆ ಹೋದೆ. 2002ರ ಜೂನ್‌ನಲ್ಲಿ ಅಲ್ಲಿ ಶುರುವಾದದ್ದು ಎ.ಆರ್. ರೆಹಮಾನ್ ಸಂಗೀತದ 'ಬಾಂಬೆ ಡ್ರೀಮ್ಸ್' ನಾಟಕ. ಆಫೀಸಿನಲ್ಲಿ ಎಲ್ಲರೂ, ನಾನು ಭಾರತದವಳು ಅನ್ನುವ ಒಂದೇ ಕಾರಣಕ್ಕೆ, 'ನೀನು ನೋಡಿದೆಯಾ?' ಅಂತ ಪೀಡಿಸಿದರು. ಅತಿ ಅಗ್ಗದ ಟಿಕೆಟ್ ತೆಗೆದೆ. ನಮ್ಮಲ್ಲಿ ಅಗ್ಗ ಅಂದರೆ ಪರದೆಯ ಬುಡದ ಗಾಂಧಿ ಕ್ಲಾಸ್, ಇಲ್ಲಿ ಸೂರಿನ ಬುಡ. ಕತ್ತು ಚಾಚಿ ನೋಡಿದೆ. ರಂಗದ ಮೇಲೆ ಕಾರಂಜಿ ಚಿಮ್ಮಿತು. ರೈಲಿನ ಮೇಲೆ ನಿಂತು ಕುಣಿಯುವ ಆ ಹಿಂದಿ ಸಿನಿಮಾ ಹಾಡು ಬಂತು. ಇಡೀ ಹಾಲು ಚಪ್ಪಾಳೆ ತಟ್ಟಿತು. ನಾನು ಮಾತ್ರ ಟ್ರ್ಯಾಕಿನ ಗುರುತು ಎಲ್ಲಾದರೂ ಉಳಿದಿದೆಯಾ ಅಂತ ಕೆಳಗೆ ಹುಡುಕುತ್ತಿದ್ದೆ. ಎಲ್ಲಾ ತೆಗೆದು, ಸೀಟು ಹಾಕಿ, ಒರೆಸಿಬಿಟ್ಟಿದ್ದರು. ಚಿಪ್ಪಿನ ಆಕಾರಗಳು ಮಾತ್ರ ಹಾಗೇ ಕೂತಿದ್ದವು.

2006ರಿಂದ ಅಲ್ಲಿ 'ವಿಕೆಡ್' ಅನ್ನುವ ಸಂಗೀತ ನಾಟಕ ನಡೆಯುತ್ತಿದೆ, ಇವತ್ತಿಗೂ. ಕಟ್ಟಡಕ್ಕೆಲ್ಲಾ ಹಸಿರು ದೀಪ. ಈಗ ಅದನ್ನು ಯಾರೂ ವಿದ್ಯುತ್ ಇಲಾಖೆ ಅಂದುಕೊಳ್ಳುವುದಿಲ್ಲ.

ನನ್ನ ಮಗಳಿಗೆ ಸ್ಕೇಟಿಂಗ್ ಹುಚ್ಚು. 2024ರಲ್ಲಿ ವೆಂಬ್ಲಿಯ ಒಂದು ಥಿಯೇಟರಿಗೆ ಸ್ಟಾರ್‌ಲೈಟ್ ಮತ್ತೆ ಬಂತು. ಅದು ಹಿಂದೆ ಟಿವಿ ಸ್ಟುಡಿಯೋ ಆಗಿದ್ದ ಕಟ್ಟಡ. ಹಣದ ಮುಖ ನೋಡದೆ ಟ್ರ್ಯಾಕಿನ ಪಕ್ಕದ ಸೀಟೇ ತೆಗೆದೆ. ಇಪ್ಪತ್ತೆರಡು ವರ್ಷದ ಬಾಕಿ ಅದು. ಮೊದಲ ಎಂಜಿನ್ ಹೋಯಿತು. ಮುಖಕ್ಕೆ ಗಾಳಿ ಬಡಿಯಿತು. ಬೆವರಿನ ವಾಸನೆ ಮಾತ್ರ ಬರಲಿಲ್ಲ. ಏಸಿ ಚೆನ್ನಾಗಿತ್ತು. ಮಗಳು ಕಥೆ ಬಿಟ್ಟು ಬರೀ ಕಾಲು ನೋಡುತ್ತಿದ್ದಳು. 'ಅಮ್ಮಾ, ಅವರು ಏದುಸಿರು ಬಿಡದೆ ಹೇಗೆ ಹಾಡ್ತಾರೆ?' ಅಂತ ಕೇಳಿದಳು. ನನಗೆ ಮೆಟ್ಟಿಲು ಹತ್ತಿದರೇ ಮಾತು ಬರುವುದಿಲ್ಲ, ನಾನೇನು ಹೇಳಲಿ.

ಹೋದ ವರ್ಷ ಅರಸೀಕೆರೆಯಿಂದ ನನ್ನ ಅಮ್ಮ ಬಂದಿದ್ದಳು. ವಿಕ್ಟೋರಿಯಾದಲ್ಲಿ 'ವಿಕೆಡ್'ಗೆ ಕರೆದುಕೊಂಡು ಹೋದೆ. ಇಂಗ್ಲಿಷ್ ಹಾಡು ಎಷ್ಟು ಅರ್ಥವಾಗುತ್ತದೋ ಅಂತ ಅಳುಕಿತ್ತು. ಅಮ್ಮ ಮಾತ್ರ ಆಟ ಶುರುವಾಗುವ ಮೊದಲೇ ಕೈಚೀಲ ತೆಗೆದು, ಸೂರು ನೋಡುತ್ತಾ, ನಿಂಬೆಹುಳಿ ಪೆಪ್ಪರ್‌ಮೆಂಟ್ ಚೀಪುತ್ತಾ ಆರಾಮಾಗಿ ಕೂತಳು.

'ಇಲ್ಲಿ ಮೊದಲು ಸಿನಿಮಾ ಇತ್ತಮ್ಮ. ಆಮೇಲೆ ಸ್ಕೇಟಿಂಗ್ ಮಾಡ್ತಿದ್ರು, ಈ ಸೀಟುಗಳ ಮಧ್ಯೆನೇ' ಅಂದೆ.

'ಮದುವೆಗೆ ಕೊಡ್ತಾರಾ?' ಅಂತ ಕೇಳಿದಳು.

ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಒಂದು ಪೆಪ್ಪರ್‌ಮೆಂಟ್ ಅವಳ ಕೈಜಾರಿ ಕೆಳಗೆ ಬಿತ್ತು. ಟಕ್ ಟಕ್ ಅಂತ ಮುಂದಿನ ಸೀಟಿನ ಕೆಳಗೆ, ಅದರ ಮುಂದಿನದರ ಕೆಳಗೆ ಉರುಳಿಕೊಂಡು ಹೋಯಿತು. ಅಮ್ಮ ಬಗ್ಗಿ ಅದು ಹೋದ ದಾರಿಯನ್ನೇ ನೋಡಿದಳು.

'ನಮ್ಮ ಮಂಟಪದ ಥರಾನೇ ಇದೆ ಕಣೇ' ಅಂದಳು. 'ಇಲ್ಲಿ ಬಡಿಸೋರಿಗೆ ಕಷ್ಟ.'

ದೀಪ ಆರಿತು.