ನಮ್ಮ ಹಿರಿಯರು ಕೋರ್ಟು ಮೆಟ್ಟಿಲು ಹತ್ತಿದವರಲ್ಲ, ಅಲ್ಲೇನು ಹುಡುಕೋದು?

ಅಮೆರಿಕದವರನ್ನು ಮದುವೆಯಾಗಿ ಇಲ್ಲೇ ನೆಲೆಸಿದ ನಮ್ಮವರು ಮಕ್ಕಳಿಗೋಸ್ಕರ ವಂಶವೃಕ್ಷ ಬರೆಯಲು ಕೂರುತ್ತಾರೆ. ಇಲ್ಲಿನ ಅತ್ತೆ-ಮಾವನ ಕಡೆಯ ಎಳೆ ಹಿಡಿದು ಹೋದರೆ ಸಾಮಾನ್ಯವಾಗಿ 1850ರಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಗುಲಾಮರಲ್ಲದ ಪ್ರತಿಯೊಬ್ಬರ ಹೆಸರನ್ನೂ ಬರೆದುಕೊಂಡ ಮೊದಲ ಜನಗಣತಿ ಆ ವರ್ಷದ್ದು. ಅದಕ್ಕೂ ಮುಂಚೆ ಮನೆ ಯಜಮಾನನ ಹೆಸರು ಮಾತ್ರ, ಉಳಿದವರದ್ದು ಬರೀ ತಲೆ ಲೆಕ್ಕ. ಹಾಗಾದರೆ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕೋರ್ಟಿನ ಹಳೇ ಪುಸ್ತಕ ನೋಡಿ ಅಂದರೆ ಸಾಕು, ಮೇಲಿನ ಪ್ರಶ್ನೆ ಬರುತ್ತದೆ. ಬಡ ರೈತರಾಗಿದ್ದರಂತೆ, ಯಾರ ಜೊತೆಗೂ ಜಗಳ ಇರಲಿಲ್ಲವಂತೆ.

ಬಡವರಾಗಿದ್ದರೆ ಇನ್ನೂ ಮುಖ್ಯವಾಗಿ ನೋಡಬೇಕು.

'ಗೆದ್ದವ ಸೋತ, ಸೋತವ ಸತ್ತ' ಅಂತ ಕೇಳಿಕೊಂಡು ಬೆಳೆದ ನಮಗೆ ಕೋರ್ಟು ಅಂದರೆ ವ್ಯಾಜ್ಯ. ಆದರೆ 17-18ನೇ ಶತಮಾನದ ವರ್ಜೀನಿಯಾದಲ್ಲಿ ಕೌಂಟಿ ಕೋರ್ಟು ಅಂದರೆ ತಾಲ್ಲೂಕು ಕಚೇರಿ, ಸಬ್‌ರಿಜಿಸ್ಟ್ರಾರ್ ಆಫೀಸು, ಪಂಚಾಯಿತಿ ಮೂರೂ ಸೇರಿದ ಹಾಗೆ. ಊರಿನ ದೊಡ್ಡ ಜಮೀನ್ದಾರರೇ ತಿಂಗಳಿಗೊಮ್ಮೆ ನ್ಯಾಯಾಧೀಶರಾಗಿ ಕೂರುತ್ತಿದ್ದರು. ಜಮೀನು ಕ್ರಯ, ಉಯಿಲು, ಹೆಂಡದಂಗಡಿ ಪರವಾನಗಿ, ತೋಳ ಕೊಂದವರಿಗೆ ಇನಾಮು, ಎಲ್ಲಾ ಅವರ ಮುಂದೆಯೇ ಬರುತ್ತಿತ್ತು. ಗುಮಾಸ್ತ ಅದನ್ನು ಆರ್ಡರ್ ಬುಕ್ಕಿನಲ್ಲಿ ಬರೆಯುತ್ತಿದ್ದ.

ಎಲ್ಲರೂ ಉಯಿಲಿನಿಂದ ಶುರು ಮಾಡುತ್ತಾರೆ. ಉಯಿಲು ಬರೆಯೋಕೆ ಆಸ್ತಿ ಬೇಕಲ್ವಾ? ನಾನಂತೂ ಆರ್ಡರ್ ಬುಕ್ಕನ್ನೇ ಮೊದಲು ತೆಗೀರಿ ಅನ್ನುತ್ತೇನೆ. ರಸ್ತೆ ಕೆಲಸಕ್ಕೆ ಯಾರ್ಯಾರು ಬರಬೇಕು ಅನ್ನೋ ಪಟ್ಟಿ ಅಲ್ಲಿ ಸಿಕ್ಕರೆ, ಅಕ್ಕಪಕ್ಕದ ಮನೆಯವರೆಲ್ಲ ಒಟ್ಟಿಗೆ ಸಿಗುತ್ತಾರೆ. ತಂದೆ ಸತ್ತು ಆಸ್ತಿ ಇಲ್ಲದ ಮಕ್ಕಳನ್ನು ಯಾರದಾದರೂ ಮನೆಯಲ್ಲಿ ಕೆಲಸ ಕಲಿಯಲು ಬಿಡಿ ಅಂತ ಚರ್ಚಿನ ವಾರ್ಡನ್‌ಗಳಿಗೆ ಆದೇಶ ಹೋಗುತ್ತಿತ್ತು. ಗಂಡುಹುಡುಗರಿಗೆ ಸಾಮಾನ್ಯವಾಗಿ 21 ವರ್ಷದವರೆಗೆ, ಹೆಣ್ಣುಮಕ್ಕಳಿಗೆ 18ರವರೆಗೆ. ಅಂಥ ಒಂದೇ ಸಾಲಿನಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಕೆಲವೊಮ್ಮೆ ವಯಸ್ಸೂ ಇರುತ್ತದೆ. ಹೆಂಡತಿಯರ ಹೆಸರು ಬೇಕಾದರೆ ಕ್ರಯಪತ್ರ ನೋಡಿ. ಗಂಡನ ಜಮೀನಿನಲ್ಲಿ ವಿಧವೆಗೆ ಮೂರನೇ ಒಂದು ಪಾಲಿನ ಹಕ್ಕಿತ್ತು. ಹಾಗಾಗಿ ಗಂಡ ಜಮೀನು ಮಾರುವಾಗ, ಆ ಹಕ್ಕನ್ನು ಬಿಟ್ಟುಕೊಡಲು ಒಪ್ಪಿಗೆಯೇ ಅಂತ ಹೆಂಡತಿಯನ್ನು ಗಂಡನಿಂದ ದೂರ ಕರೆದು ವಿಚಾರಿಸಿ ಬರೆದುಕೊಳ್ಳುತ್ತಿದ್ದರು.

ಗುಲಾಮರಾಗಿದ್ದವರ ವಂಶ ಹುಡುಕುವವರ ಪಾಡು ಬೇರೆಯೇ. ಅವರಲ್ಲಿ ಹೆಚ್ಚಿನವರ ಹೆಸರು ಜನಗಣತಿಯಲ್ಲಿ ಕಾಣಿಸುವುದೇ 1870ರಲ್ಲಿ. ಅದಕ್ಕೂ ಹಿಂದೆ ಹೋಗಬೇಕಾದರೆ ಯಜಮಾನನ ಕಾಗದಗಳನ್ನೇ ಹಿಡಿಯಬೇಕು. ಅವನು ಸತ್ತಾಗ ಮಾಡಿದ ಆಸ್ತಿ ಪಟ್ಟಿಯಲ್ಲಿ ಹಸು, ಮಂಚ, ಕಬ್ಬಿಣದ ಪಾತ್ರೆಗಳ ನಡುವೆ ಮನುಷ್ಯರ ಹೆಸರು, ಮುಂದೆ ಬೆಲೆ. ಓದೋಕೆ ಹಿಂಸೆಯಾಗುತ್ತದೆ, ಆದರೂ ಬಿಡುವ ಹಾಗಿಲ್ಲ. ಬಿಡುಗಡೆ ಕೋರಿ ಹಾಕಿದ ದಾವೆ ಸಿಕ್ಕರಂತೂ ಅದಕ್ಕಿಂತ ದೊಡ್ಡ ದಾಖಲೆ ಇಲ್ಲ. 1662ರ ವರ್ಜೀನಿಯಾ ಕಾನೂನಿನ ಪ್ರಕಾರ ಮಗು ಗುಲಾಮನೋ ಅಲ್ಲವೋ ಅನ್ನುವುದನ್ನು ತಾಯಿಯ ಸ್ಥಿತಿ ತೀರ್ಮಾನಿಸುತ್ತಿತ್ತು. ಹಾಗಾಗಿ 'ನನ್ನ ಅಜ್ಜಿಯ ತಾಯಿ ಸ್ವತಂತ್ರಳಾಗಿದ್ದಳು' ಅಂತ ಸಾಬೀತು ಮಾಡಬೇಕಿತ್ತು. ವಯಸ್ಸಾದ ಸಾಕ್ಷಿಗಳು ಬಂದು ಹೆಂಗಸರ ಕಡೆಯಿಂದ ಮೂರು-ನಾಲ್ಕು ತಲೆಮಾರು ಹೇಳಿ ಹೋಗಿರುತ್ತಾರೆ. ಶ್ರೀಮಂತರ ಮನೆಯಲ್ಲೂ ಇಷ್ಟು ವಿವರವಾದ ತಾಯಿಯ ಕಡೆಯ ವಂಶಾವಳಿ ಸಿಗುವುದು ಕಷ್ಟ.

ನಮ್ಮ ಕಡೆಯವರೂ ಇದ್ದರೇ ಅಂತ ಕೆಲವರು ಕೇಳುತ್ತಾರೆ. ಹೊಸಬರನ್ನು ಕರೆತಂದ ಲೆಕ್ಕದಲ್ಲಿ ಭೂಮಿ ಪಡೆಯುತ್ತಿದ್ದವರು ಕೊಟ್ಟ, ಹಾಗೆ ಕರೆತಂದವರ ಹೆಸರಿನ ಪಟ್ಟಿಯೊಂದರಲ್ಲಿ, 1635ರಲ್ಲೇ, 'ಟೋನಿ, ಈಸ್ಟ್ ಇಂಡಿಯನ್' ಅಂತ ಒಬ್ಬನಿದ್ದಾನೆ. ಎಲ್ಲಿಯವನು, ಯಾವ ಭಾಷೆಯವನು ಅಂತ ಬರೆದಿಲ್ಲ. ಸುಮ್ನೆ ಕನ್ನಡದವನು ಅಂತ ಹಕ್ಕು ಸಾಧಿಸಬೇಡಿ!

ಇನ್ನು ಕೆಲವು ತೊಡಕುಗಳು. ಮನೆ ಕದಲದಿದ್ದರೂ ಕೌಂಟಿ ಬದಲಾಗುತ್ತಿತ್ತು: ಕೆಂಟಕಿ ಮೊದಲು ವರ್ಜೀನಿಯಾದ ಒಂದು ಕೌಂಟಿ, 1780ರಲ್ಲಿ ಮೂರು, 1792ರಲ್ಲಿ ಬೇರೆ ರಾಜ್ಯ. 1752ಕ್ಕೆ ಮುಂಚೆ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು, ಆದ್ದರಿಂದ ಫೆಬ್ರವರಿಯ ತಾರೀಕು ಕಂಡರೆ ವರ್ಷ ಯಾವುದು ಅಂತ ಯೋಚಿಸಿ. ವರ್ಜೀನಿಯಾದ ನಾರ್ಥಾಂಪ್ಟನ್ ಕೌಂಟಿಯಲ್ಲಿ 1632ರಿಂದ ದಾಖಲೆ ಉಳಿದಿದೆ. ಆದರೆ ಅಮೆರಿಕದ ಅಂತರ್ಯುದ್ಧದ ವೇಳೆ ಭದ್ರವಾಗಿರಲಿ ಅಂತ ಕೆಲವು ಕೌಂಟಿಗಳು ರಾಜಧಾನಿ ರಿಚ್ಮಂಡಿಗೆ ಕಳಿಸಿದ್ದ ಪುಸ್ತಕಗಳು 1865ರ ಏಪ್ರಿಲ್ ಬೆಂಕಿಯಲ್ಲಿ ಸುಟ್ಟುಹೋದವು. ಅಂಥ ಕಡೆಯವರಾದರೆ ಪಕ್ಕದ ಕೌಂಟಿ ಪುಸ್ತಕ ತೆರೆಯಿರಿ, ಗಡಿಯ ಆಚೆ ಜಮೀನು ಕೊಂಡಿರಬಹುದು, ಸಾಕ್ಷಿ ಹೇಳಿರಬಹುದು.

ಫ್ಯಾಮಿಲಿಸರ್ಚ್ ಅನ್ನುವ ವಂಶಾವಳಿ ವೆಬ್‌ಸೈಟಿನಲ್ಲಿ ಇಂಥ ಪುಸ್ತಕಗಳ ಚಿತ್ರಗಳು ಸಾಕಷ್ಟಿವೆ, ದುಡ್ಡು ಕೊಡಬೇಕಿಲ್ಲ. ಹೆಸರು ಟೈಪ್ ಮಾಡಿ ಸಿಗಲಿಲ್ಲ ಅಂತ ಬಿಡಬೇಡಿ. ಹಳೇ ಸೂಚಿಗಳಲ್ಲಿ ಹೆಚ್ಚಾಗಿ ವಾದಿ-ಪ್ರತಿವಾದಿಗಳ ಹೆಸರಷ್ಟೇ ಇರುತ್ತದೆ. ರಸ್ತೆ ಕೆಲಸದವರು, ಸಾಕ್ಷಿಗಳು, ತಬ್ಬಲಿ ಮಕ್ಕಳು ಬೇಕಾದರೆ ಪುಟ ಪುಟ ತಿರುವಬೇಕು.